ಲ್ಯಾಟಿನ್‌ನಲ್ಲಿ ‘ಹೌದು’ ಅನ್ನುವುದು ಹೇಗೆ?

ಆ ದಿನದ ಫಜೀತಿಗೆಲ್ಲ ಮೂಲ ಒಂದು ರಸ್ಕು.

ಬೆಳಗಿನ ಚಹಾದ ಹೊತ್ತಿಗೆ ಪಂಡಿತ ಅದನ್ನು ತಟ್ಟೆಯಿಂದ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಮಗಳ ಕಡೆ ತಿರುಗಿ, “ಪುಟ್ಟೀ, ಬ್ರೆಡ್ಡಿಗೆ ಲ್ಯಾಟಿನ್‌ನಲ್ಲಿ ಏನಂತಾರೆ ಗೊತ್ತಾ? ಪಾನಿಸ್!” ಎಂದ.

ಹೆಂಡತಿ ಒಲೆಯ ಕಡೆಯಿಂದ ತಿರುಗಲೂ ಇಲ್ಲ. “ಹಾಗಂತ ಕರೆದ್ರೆ ಅದು ಮೆತ್ತಗಾಗುತ್ತಾ?”

ಪಂಡಿತ ಎನ್ನುವುದು ಅಂಗಡಿಯವರು ಇಟ್ಟ ಹೆಸರು. ಅವನದು ಕೆತ್ತನೆ ಅಂಗಡಿಯಲ್ಲಿ ಕೆಲಸ. ಬಾಗಿಲ ಫಲಕ, ಗೆದ್ದವರ ಕಪ್ಪು, ನಿವೃತ್ತರ ಗಡಿಯಾರ, ಹೀಗೆ ಲೋಹದ ಮೇಲೆ ಅಕ್ಷರ ಮೂಡಿಸಿ ಹೊಟ್ಟೆ ಹೊರೆಯುವವನು. ಆದರೆ ಶಾಲೆಯಲ್ಲಿ ಮೂರು ವರ್ಷ ಲ್ಯಾಟಿನ್ ಓದಿದ್ದ. ಆ ಮೂರು ವರ್ಷದಲ್ಲಿ ಈಗ ತಲೆಯಲ್ಲಿ ಉಳಿದಿದ್ದು ಬ್ರೆಡ್ಡು, ಮೇಜು, ಒಬ್ಬ ರೈತ, ಅರ್ಧಕ್ಕೇ ನಿಂತುಹೋಗುವ ಒಂದು ಕ್ರಿಯಾಪದ ಮತ್ತು ಇನ್ನೊಂದೆರಡು ಚಿಲ್ಲರೆ ಪದ. ಬಟ್ಟೆ ಹರಿದು ಕಡ್ಡಿ ಮುರಿದು ಹಿಡಿಕೆ ಮಾತ್ರ ಉಳಿದ ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ತಿರುಗುವವನ ಹಾಗೆ, ಅವನು ಅದನ್ನೇ ಹೆಮ್ಮೆಯಿಂದ ಹೊತ್ತುಕೊಂಡು ತಿರುಗುತ್ತಿದ್ದ.

ಮಗಳ ಶಾಲೆಯಲ್ಲಿ ಈ ವರ್ಷ ಮಕ್ಕಳು ಒಂದು ಹೊಸ ವಿಷಯ ಆರಿಸಿಕೊಳ್ಳಬೇಕಿತ್ತು. ಲ್ಯಾಟಿನ್ ಇಲ್ಲವೇ ಈಜು. ಯಾವುದೆಂದು ನಾಳೆ ಬೆಳಗ್ಗೆ ಹೇಳಬೇಕು. ಪುಟ್ಟಿ ಈಜಿನ ಟೋಪಿಯ ಬಣ್ಣವನ್ನೂ ಆರಿಸಿಬಿಟ್ಟಿದ್ದಳು.

“ಈಜು ಕಲಿತ್ರೆ ನೀರಿಗೆ ಬಿದ್ದಾಗ ಬದುಕಿಕೊಳ್ತಾಳೆ,” ಎಂದಳು ಹೆಂಡತಿ. “ಲ್ಯಾಟಿನ್ ಕಲಿತ್ರೆ?”

“ಲ್ಯಾಟಿನ್ ಅಂದ್ರೆ ಒಂದು ಸಮುದ್ರ ಕಣೇ!”

“ಗೊತ್ತು ರೀ. ನೀವು ಮುಳುಗಿ ಇಷ್ಟು ವರ್ಷ ಆಯ್ತು, ಇನ್ನೂ ಮೇಲೆ ಬಂದಿಲ್ಲ.”

ಪುಟ್ಟಿ ಕಿಸಕ್ಕನೆ ನಕ್ಕಳು. ಪಂಡಿತನಿಗೆ ರೇಗಿತು. ಕೋಪಕ್ಕಿಂತ ಹೆಚ್ಚಾಗಿ ಒಳಗೆಲ್ಲೋ ಚುರುಕ್ಕೆಂದಿತು. ಮಗಳಿಗೆ ಕೊಡಲು ಅವನ ಹತ್ತಿರ ಮನೆಯಿಲ್ಲ, ಹೊಲವಿಲ್ಲ. ಇದ್ದದ್ದು ಇದೊಂದು ಹಿಡಿಕೆ. ಅದನ್ನೂ ಅವಳು ಬೇಡವೆಂದರೆ?

ಹೆಂಡತಿ ಅವನ ಮುಖ ನೋಡಿದಳು. ದನಿ ಸ್ವಲ್ಪ ಇಳಿಸಿದಳು. “ಸರಿ ಹೋಗ್ಲಿ. ಇವತ್ತು ಸಂಜೆ ನೀವು ಮನೆಗೆ ಬರೋ ಅಷ್ಟರಲ್ಲಿ ಒಂದೇ ಒಂದು ಸಲ ಆ ಲ್ಯಾಟಿನ್ ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ. ನಾನೇ ಪುಟ್ಟೀನ ಲ್ಯಾಟಿನ್‌ಗೆ ಹಾಕಿ ಅಂತೀನಿ.”

“ಯಾರಿಗಾದ್ರೂ?”

“ಯಾರಿಗಾದ್ರೂ. ಬೀದಿ ಬೆಕ್ಕಿಗಾದ್ರೂ ಸರಿ.”

“ಮಾತಂದ್ರೆ ಮಾತು,” ಎಂದು ಪಂಡಿತ ರಸ್ಕನ್ನು ಕಟಕ್ಕನೆ ಕಚ್ಚಿದ. ಅವನ ಹಲ್ಲುಗಳು ಅಷ್ಟು ಗಟ್ಟಿ. ಆ ಮಾತನ್ನು ಇಲ್ಲೇ ಹೇಳಿಟ್ಟಿರಬೇಕು.

ಬಾಗಿಲು ದಾಟುವಾಗ ಅವನು ಹಟ ತೊಟ್ಟಾಗಿತ್ತು. ಬೀದಿ ತಿರುವಿನಲ್ಲಿ ಒಂದು ಬೆಕ್ಕು ಕಂಡಿತು. ಒಂದು ಕ್ಷಣ ನಿಂತ. ಬೆಕ್ಕಿಗೆ ಲ್ಯಾಟಿನ್‌ನಲ್ಲಿ ಏನನ್ನುತ್ತಾರೋ ನೆನಪಾಗಲಿಲ್ಲ. ಮುಂದೆ ನಡೆದ.

* * *

ಅಂಗಡಿಯಲ್ಲಿ ಮೂರೇ ಜನ. ಯಜಮಾನರು, ಕೌಂಟರಿನಲ್ಲಿ ಕೂರುವ ಅಕ್ಕ, ಒಳಗೆ ಕೆತ್ತುವ ಪಂಡಿತ. ಯಜಮಾನರದು ಒಂದೇ ನಿಯಮ: “ಅಕ್ಷರ ಕೇಳಿ, ಅರ್ಥ ಕೇಳ್ಬೇಡಿ.” ಹಿಂದೊಮ್ಮೆ ‘ಪ್ರೀತಿಯ ಅತ್ತೆಗೆ’ ಎಂದು ಕೆತ್ತಿಸಲು ಬಂದವನನ್ನು ಪಂಡಿತ, “ನಿಜವಾಗ್ಲೂನಾ?” ಎಂದು ಕೇಳಿದ್ದಕ್ಕೆ, ಗಿರಾಕಿ ಬೆಳ್ಳಿಯ ತಟ್ಟೆಯನ್ನೂ ಮುಖವನ್ನೂ ತಿರುಗಿಸಿಕೊಂಡು ಹೊರಟುಹೋಗಿದ್ದ. ಅಂದಿನಿಂದ ಈ ನಿಯಮ.

ಬಾಗಿಲು ತೆರೆದು ಇನ್ನೂ ಮೇಜು ಒರೆಸಿ ಮುಗಿದಿರಲಿಲ್ಲ, ಒಬ್ಬರು ಒಳಗೆ ನುಗ್ಗಿದರು. ಮುಂದಿನ ಬೀದಿಯ ಹಲ್ಲಿನ ಡಾಕ್ಟರು. ಉದ್ದಕ್ಕೆ ಬಿದಿರಿನ ಗಳದ ಹಾಗಿದ್ದ ಮನುಷ್ಯ. ಊರಿನವರ ಬಾಯೊಳಗೆಲ್ಲ ಧೈರ್ಯವಾಗಿ ಕೈ ಹಾಕುವವರು ತಾವು ಮಾತ್ರ ಬಾಯಿಬಿಡಲು ನಾಚುತ್ತಿದ್ದರು.

“ಉಂಗುರದ ಒಳಗಡೆ ಒಂದು ಪದ ಕೆತ್ತಬೇಕು,” ಎಂದರು, ಪುಟ್ಟ ಡಬ್ಬಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು. “ಇವತ್ತು ಸಂಜೆ ಒಬ್ಬರಿಗೆ ಕೊಡ್ಬೇಕು. ಅವರು ನನ್ನನ್ನ ಒಂದು ಪ್ರಶ್ನೆ ಕೇಳಿದಾರೆ. ವಾರದಿಂದ ಉತ್ತರ ಕೊಡೋಕೆ ಆಗಿಲ್ಲ, ಬಾಯೇ ಬರಲ್ಲ. ಅದಕ್ಕೆ ಉಂಗುರದಲ್ಲೇ ಉತ್ತರ ಇರ್ಲಿ ಅಂತ.”

“ಪದ ಹೇಳಿ ಸಾರ್,” ಎಂದಳು ಅಕ್ಕ, ಪೆನ್ಸಿಲ್ ಹಿಡಿದು.

“‘ಹೌದು’ ಅಂತ.”

“ಅಷ್ಟೇನಾ!”

“ಅಷ್ಟೇ. ಆದ್ರೆ ಲ್ಯಾಟಿನ್‌ನಲ್ಲಿ.”

ಯಜಮಾನರು ನಿಧಾನವಾಗಿ ಎದ್ದು ನಿಂತರು. ಅವರ ಮುಖದಲ್ಲಿ, ಲಾಯದ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕುದುರೆಗೆ ಕೊನೆಗೂ ಒಬ್ಬ ಸವಾರ ಸಿಕ್ಕಿದಂಥ ಸಂತೋಷವಿತ್ತು. “ಪಂಡಿತ್ರೇ! ಬನ್ರೀ ಹೊರಗೆ! ನಿಮ್ಮ ಕಾಲ ಬಂತು!”

“ಅವರು ಶಾಲೆಯಲ್ಲಿ ಲ್ಯಾಟಿನ್ ಕಲಿಸೋ ಟೀಚರು,” ಎಂದರು ಡಾಕ್ಟರು, ಕಿವಿ ಕೆಂಪಾಗಿಸಿಕೊಂಡು. “ಅವರನ್ನೇ ಕೇಳೋ ಹಾಗಿಲ್ಲವಲ್ಲ. ಇನ್ನೊಂದು ಮಾತು, ನಮ್ಮ ಕ್ಲಿನಿಕ್ಕಿನ ಸಿಸ್ಟರ್‌ಗೆ ಮಾತ್ರ ಈ ಉಂಗುರದ ವಿಷಯ ತಿಳೀಬಾರ್ದು. ಅವರಿಗೆ ತಿಳಿದ್ರೆ ಸಂಜೆಯೊಳಗೆ ಊರಿಗೆಲ್ಲಾ ತಿಳಿಯುತ್ತೆ.”

ಪಂಡಿತನಿಗೆ ಎದೆ ಉಬ್ಬಿತು. ಹಾಗೆಯೇ ತಲೆ ಖಾಲಿಯಾಯಿತು. ಹೌದು ಎನ್ನುವುದಕ್ಕೆ ಲ್ಯಾಟಿನ್‌ನಲ್ಲಿ ಏನು? ಬ್ರೆಡ್ಡು ಬಂತು, ಮೇಜು ಬಂತು, ರೈತ ಬಂದ. ‘ಹೌದು’ ಬರಲಿಲ್ಲ.

ಕಣ್ಣು ಮುಚ್ಚಿ ಹಳೆಯ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತ. ಲ್ಯಾಟಿನ್ ಮೇಷ್ಟರು ದಿನವೂ ಪಾಠದ ಕೊನೆಗೆ ಅವನ ಮುಂದೆ ಬಂದು, “ಅರ್ಥವಾಯಿತೇನೋ?” ಎಂದು ಲ್ಯಾಟಿನ್‌ನಲ್ಲಿ ಕೇಳುತ್ತಿದ್ದರು. ಪಕ್ಕದ ಹುಡುಗ ಹೇಳಿಕೊಟ್ಟಿದ್ದ ಒಂದು ಪದವನ್ನು ಅವನು ಎದ್ದು ನಿಂತು ಗಟ್ಟಿಯಾಗಿ ಹೇಳುತ್ತಿದ್ದ. ಮೇಷ್ಟರು ಉದ್ದಕ್ಕೆ ಉಸಿರು ಬಿಟ್ಟು, ತಲೆಯಾಡಿಸಿ, ಮುಂದೆ ಹೋಗುತ್ತಿದ್ದರು. ಮೂರು ವರ್ಷ, ಪ್ರತಿದಿನ, ಅದೇ ಪದ.

ಕಣ್ಣು ತೆರೆದ. “ಮಿನಿಮೆ!”

“ಮಿನಿಮೆ,” ಎಂದು ಡಾಕ್ಟರು ಮೆಲ್ಲಗೆ, ಸಕ್ಕರೆ ಚೂರು ನಾಲಗೆಯ ಮೇಲಿಟ್ಟ ಹಾಗೆ ಉಚ್ಚರಿಸಿದರು. “ಎಷ್ಟು ಚೆಂದ ಇದೆ! ಖಂಡಿತ ತಾನೇ?”

“ಸಾರ್, ಮೂರು ವರ್ಷ ಮೇಷ್ಟ್ರ ಮುಖಕ್ಕೇ ಹೇಳಿದೀನಿ.”

ಟೀಚರು ಕೇಳಿದ ಪ್ರಶ್ನೆ ಏನು ಎಂಬ ಮಾತು ಪಂಡಿತನ ನಾಲಗೆಯ ತುದಿಯವರೆಗೆ ಬಂತು. ಯಜಮಾನರು ಕಣ್ಣು ಬಿಟ್ಟರು. ನುಂಗಿಕೊಂಡ.

ಉಂಗುರವನ್ನು ಮರದ ಹಿಡಿತದಲ್ಲಿ ಸಿಗಿಸಿ, ಕಣ್ಣಿಗೆ ಭೂತಗನ್ನಡಿ ಏರಿಸಿ, ಅಂದು ಅವನು ಕೆತ್ತಿದ ಆರು ರೋಮನ್ ಅಕ್ಷರಗಳಂಥವನ್ನು ಹಿಂದೆಂದೂ ಕೆತ್ತಿರಲಿಲ್ಲ. ಒಳಬಾಗಿನ ಮೇಲೆ ಉಳಿಯ ಮೊನೆ ಬೆಣ್ಣೆಯಲ್ಲಿ ಬೆರಳು ಹೋದಂತೆ ಹೋಯಿತು. ಮಧ್ಯಾಹ್ನದ ಮೊದಲೇ ಡಾಕ್ಟರು ಬಂದು ಉಂಗುರ ನೋಡಿ, ಪಂಡಿತನ ಎರಡೂ ಕೈ ಹಿಡಿದು ಅಲುಗಾಡಿಸಿ, “ನಿಮ್ಮ ಋಣ ತೀರಿಸ್ತೀನಿ, ನೋಡ್ತಾ ಇರಿ,” ಎಂದು ಹೋದರು.

ಪಂಡಿತ ಕೈಯೊರೆಸಿಕೊಂಡು ಕೌಂಟರಿಗೆ ಒರಗಿ ನಿಂತ. ಸಂಜೆಯಲ್ಲ, ಊಟದ ಹೊತ್ತಿಗೇ ಪಂದ್ಯ ಗೆದ್ದಾಗಿತ್ತು.

* * *

ಊಟದ ಡಬ್ಬಿ ತಂದವಳು ಪುಟ್ಟಿ. ಅಂದು ಶಾಲೆ ಅರ್ಧ ದಿನ. ಮಕ್ಕಳು ಯಾವುದನ್ನು ಆರಿಸಬೇಕೆಂದು ತಿಳಿಯಲಿ ಎಂದು ಈಜಿನದೂ ಲ್ಯಾಟಿನ್ನಿನದೂ ಒಂದೊಂದು ಮಾದರಿ ತರಗತಿ ನಡೆಸಿದ್ದರಂತೆ.

“ಅಪ್ಪಾ, ಈಜಿನ ಸರ್ ಬರೀ ಸೀಟಿ ಊದ್ತಾರೆ,” ಎಂದಳು ಕೆತ್ತನೆ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕುಳಿತು. “ಲ್ಯಾಟಿನ್ ಟೀಚರ್ ಎಷ್ಟು ಚೆನ್ನಾಗಿ ಹೇಳ್ಕೊಡ್ತಾರೆ ಗೊತ್ತಾ! ನಗಿಸಿ ನಗಿಸಿ. ಅವರಿರೋದಾದ್ರೆ ನಾನು ಲ್ಯಾಟಿನ್ನೇ ತಗೋತೀನಪ್ಪ. ಅಮ್ಮನ ಪಂದ್ಯ ಎಲ್ಲ ಬೇಡ.”

ಪಂಡಿತನಿಗೆ ಡಬ್ಬಿಯ ಮುಚ್ಚಳ ಕಾಣದ ಹಾಗೆ ಕಣ್ಣು ತುಂಬಿ ಬಂತು. ಒಂದೇ ದಿನದಲ್ಲಿ ಎರಡು ಗೆಲುವು!

“ಹಸಿವಾಗಿದೆಯಾ ಮರೀ?”

“ಮಿನಿಮೆ!” ಎಂದಳು ಪುಟ್ಟಿ.

ತನ್ನದೇ ಪದ, ತನ್ನದೇ ಮಗಳ ಬಾಯಲ್ಲಿ! ಪಂಡಿತ ತನ್ನ ಪಾಲಿನ ಮೊಟ್ಟೆ, ಬ್ರೆಡ್ಡು ಎರಡನ್ನೂ ಅವಳ ಕೈಗೆ ತುರುಕಿದ. “ತಗೋ, ಪೂರ್ತಿ ನೀನೇ ತಿನ್ನು.”

“ಬೇಡ ಅಂದ್ನಲ್ಲಪ್ಪ!”

“ಎಲ್ಲಿ ಅಂದೆ? ಮಿನಿಮೆ ಅಂದೆ.”

“ಅದೇ ಮತ್ತೆ. ಮಿನಿಮೆ ಅಂದ್ರೆ ‘ಕಿಂಚಿತ್ತೂ ಇಲ್ಲ’ ಅಂತ. ಟೀಚರ್ ‘ಕಷ್ಟ ಆಯ್ತಾ?’ ಅಂತ ಕೇಳೋರು, ನಾವೆಲ್ಲ ‘ಮಿನಿಮೆ!’ ಅಂತ ಕೂಗೋದು. ಅಪ್ಪಾ? ಅಪ್ಪಾ, ಬ್ರೆಡ್ಡು ಬೀಳ್ತಿದೆ.”

ಬ್ರೆಡ್ಡು ಬಿತ್ತು. ಮೂರು ವರ್ಷ ಲ್ಯಾಟಿನ್ ಮೇಷ್ಟರು ದಿನಾ ಏಕೆ ಅಷ್ಟುದ್ದ ಉಸಿರು ಬಿಡುತ್ತಿದ್ದರೆಂದು ಅವನಿಗೆ ಈಗ ತಿಳಿಯಿತು. ಅರ್ಥವಾಯಿತೇ? ಕಿಂಚಿತ್ತೂ ಇಲ್ಲ. ಅರ್ಥವಾಯಿತೇ? ಕಿಂಚಿತ್ತೂ ಇಲ್ಲ.

“ಪುಟ್ಟೀ,” ಎಂದ, “ಹಾಗಾದ್ರೆ ಹೌದು ಅನ್ನೋಕೆ ಏನಂತಾರೆ?”

“ಅದನ್ನ ಮುಂದಿನ ಕ್ಲಾಸಲ್ಲಿ ಹೇಳ್ತಾರಂತೆ.”

ಮುಂದಿನ ಕ್ಲಾಸೇ ಇರಬೇಕಲ್ಲ! ವಾರದಿಂದ ಉತ್ತರಕ್ಕೆ ಕಾದಿದ್ದ ಹೆಣ್ಣಿನ ಕೈಗೆ ಉಂಗುರ ಕೊಟ್ಟು, ಅದರೊಳಗೆ ‘ಕಿಂಚಿತ್ತೂ ಇಲ್ಲ’ ಎಂದು ಬರೆದಿದ್ದರೆ ಅವಳು ಮರುದಿನ ನಗಿಸಿ ನಗಿಸಿ ಪಾಠ ಮಾಡಿಯಾಳೇ? ಕೆತ್ತಿದವನ ಮಗಳು ಅದೇ ತರಗತಿಯಲ್ಲಿ ಕುಳಿತಿರುವಾಗ?

ಪಂಡಿತ ಎದ್ದ. ಆ ಉಂಗುರ ಟೀಚರ ಬೆರಳಿಗೆ ಹೋಗುವ ಮೊದಲು ತನ್ನ ಕೈಗೆ ವಾಪಸ್ ಬರಲೇಬೇಕು.

“ಎಲ್ಲಿಗ್ರೀ?” ಎಂದರು ಯಜಮಾನರು. ನಿಜ ಹೇಳಿದರೆ ಕೆಲಸವೇ ಹೋದೀತು. ಪಂಡಿತ ದವಡೆಗೆ ಕೈಕೊಟ್ಟು, “ಹಲ್ಲು ನೋವು ಸಾರ್, ತಡ್ಕೊಳ್ಳೋಕಾಗ್ತಿಲ್ಲ,” ಎಂದ.

“ಅಯ್ಯೋ ಪಾಪ!” ಎಂದಳು ಅಕ್ಕ. ಅಕ್ಕನಿಗೆ ಬೇರೆಯವರ ನೋವೆಂದರೆ ಹಬ್ಬ. ಅವನು ಬೇಡಬೇಡವೆನ್ನುತ್ತಿದ್ದರೂ ತನ್ನ ಹೂವಿನ ಸ್ಕಾರ್ಫು ಬಿಚ್ಚಿ ಗಲ್ಲದಿಂದ ನೆತ್ತಿಗೆ ಎಳೆದು, ಮೇಲೆ ಕಿವಿಯ ಹಾಗೆ ಎರಡು ತುದಿ ನಿಲ್ಲುವಂತೆ ಗಂಟು ಹಾಕಿದಳು. ಪಂಡಿತ ಬೀದಿಯುದ್ದಕ್ಕೂ ಮೊಲದಂತೆ ಓಡಿದ.

* * *

ಕ್ಲಿನಿಕ್ಕಿನ ಬಾಗಿಲಲ್ಲೇ ಸಿಸ್ಟರ್ ಅಡ್ಡ ನಿಂತರು. “ಡಾಕ್ಟರನ್ನ ನೋಡ್ಬೇಕಾ? ಹಲ್ಲು ನೋವಿದ್ರೆ ಕೂತ್ಕೊಳ್ಳಿ. ಮಾತಾಡೋದಿದ್ರೆ ಭಾನುವಾರ ಬನ್ನಿ.”

“ನೋವೇ.”

ಒಳಗೆ ಕಾಯುತ್ತಿದ್ದವರು ಇಬ್ಬರು: ಹೊಸ ಹಲ್ಲಿನ ಸೆಟ್ಟಿಗಾಗಿ ಬಂದಿದ್ದ ಬೊಚ್ಚುಬಾಯಿಯ ಅಜ್ಜಿ ಮತ್ತು ಒಬ್ಬ ಬಸ್ ಡ್ರೈವರ್.

“ಯಾವ ಹಲ್ಲಪ್ಪಾ?” ಎಂದರು ಅಜ್ಜಿ.

“ಅದು... ಎಡಗಡೆ ಅಜ್ಜಿ.”

“ಕೈ ಬಲಗಡೆ ಹಿಡ್ಕೊಂಡಿದೀರಲ್ಲ?” ಎಂದ ಡ್ರೈವರ್.

ಪಂಡಿತ ಕೈ ಬದಲಿಸಿದ. “ನೋವು ಓಡಾಡ್ತಿದೆ.”

“ಓಡಾಡೋ ನೋವಾ!” ಅಜ್ಜಿ ಎದೆ ಮುಟ್ಟಿಕೊಂಡರು. “ನಮ್ಮತ್ತಿಗೆಗೆ ಹೀಗೇ ಆಗಿತ್ತು. ಎಡಕ್ಕಿದ್ದಿದ್ದು ಬಲಕ್ಕೆ ಬಂತು, ಬಲದಿಂದ ತಲೆಗೆ ಹೋಯ್ತು. ಸಿಸ್ಟರಮ್ಮಾ! ನನ್ನ ಹಲ್ಲು ಆಮೇಲಾದ್ರೂ ಆಗುತ್ತೆ, ಮೊದಲು ಈ ಮಗೂನ ಒಳಗೆ ಬಿಡು.”

ಪಂಡಿತ ಅಜ್ಜಿಗೆ ಕೈ ಮುಗಿದ. ಹಾಗೆ ಮುಗಿದದ್ದಕ್ಕೆ ಮುಂದೆ ಬಹಳ ಪಶ್ಚಾತ್ತಾಪಪಟ್ಟ.

ಕುರ್ಚಿಯಲ್ಲಿ ಕೂರಿಸಿ ಸಿಸ್ಟರ್ ಸ್ಕಾರ್ಫು ಬಿಚ್ಚಿದರು. ಡಾಕ್ಟರು ಕೈ ತೊಳೆದುಕೊಂಡು ಬಂದವರು ಅವನನ್ನು ನೋಡಿ ಅರಳಿದರು. “ಓಹೋ, ನೀವಾ! ಇಷ್ಟು ಬೇಗ ಋಣ ತೀರಿಸೋ ಅವಕಾಶ ಕೊಟ್ರಿ!”

“ಡಾಕ್ಟ್ರೇ, ಉಂಗು...”

ಡಾಕ್ಟರ ಮುಖ ಬಿಳಿಚಿತು. ಪಕ್ಕದಲ್ಲೇ ಸಿಸ್ಟರ್, ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ಡಾಕ್ಟರು ಒಂದು ಮುಷ್ಟಿ ಹತ್ತಿ ತೆಗೆದು ಪಂಡಿತನ ಬಾಯಿಗೆ ತುಂಬಿದರು.

“ಉಂಗುಟ ನೋವಾ? ಅದಕ್ಕೆ ಬೇರೆ ಡಾಕ್ಟರು. ಇಲ್ಲಿ ಹಲ್ಲು ಮಾತ್ರ. ಬಾಯಿ ಅಗಲಿಸಿ!”

“ಊ ಊ!”

“ಸ್ವಲ್ಪ ಚುಚ್ಚುತ್ತೆ.” ಚುಚ್ಚಿತು. ಎಡಗೆನ್ನೆ ಮೊದಲು ತಣ್ಣಗಾಯಿತು, ಆಮೇಲೆ ಯಾರದೋ ಆಯಿತು. ಪಂಡಿತ ಕಣ್ಣಿನಲ್ಲಿ, ಕೈಯಲ್ಲಿ, ಕಾಲಿನ ಹೆಬ್ಬೆರಳಿನಲ್ಲಿ ಸನ್ನೆ ಮಾಡಿದ. ಡಾಕ್ಟರು ಕನ್ನಡಿ ತೂರಿಸಿ ಇಣುಕಿ ನೋಡಿದರು.

“ವಿಚಿತ್ರ. ನೋಡೋಕೆ ಎಲ್ಲ ಗಟ್ಟಿಯಾಗೇ ಇವೆ. ನೋವಿರೋದು ಈ ದವಡೆ ಹಲ್ಲಿಗಾ?”

ಹೇಗಾದರೂ ಆ ಪದ ತಪ್ಪು ಎಂದು ಹೇಳಬೇಕು. ಪಂಡಿತ ಪ್ರಾಣವನ್ನೆಲ್ಲ ನಾಲಗೆಗೆ ತಂದು, ಹತ್ತಿಯ ಸಂದಿಯಿಂದ ಆ ಪದವನ್ನು ಹೊರಗೆ ನೂಕಿದ.

“ಮಿಮಿಮೆ!”

ಡಾಕ್ಟರ ಕಣ್ಣು ಮಿನುಗಿದವು. ಸಿಸ್ಟರಿಗೆ ಕಾಣದ ಹಾಗೆ ಒಂದು ಕಣ್ಣು ಹೊಡೆದರು. ಗೆಳೆಯನ ಗುಟ್ಟಿನ ಭಾಷೆ!

“ತೆಗೆದೇಬಿಡ್ಲಾ?”

“ಮಿಮಿಮೆ! ಮಿಮಿಮೆ!”

“ಹೌದು ಅಂತಿದಾರೆ ಸಿಸ್ಟರ್. ಇಕ್ಕಳ ಕೊಡಿ.”

ಆ ಹಲ್ಲು ಸುಲಭಕ್ಕೆ ಬರಲಿಲ್ಲ. ಬರಬೇಕಾದ ಕಾರಣವೂ ಅದಕ್ಕಿರಲಿಲ್ಲ. ಡಾಕ್ಟರು ಕುರ್ಚಿಗೆ ಕಾಲು ಕೊಟ್ಟು ಎಳೆದರು, ಸಿಸ್ಟರ್ ತಲೆ ಹಿಡಿದರು, ಹೊರಗಿನಿಂದ ಅಜ್ಜಿ, “ಧೈರ್ಯ ತಗೋ ಮಗಾ!” ಎಂದು ಕೂಗಿದರು. ಕೊನೆಗೆ ಟಣ್ ಎಂದು ಬಟ್ಟಲಿಗೆ ಬಿತ್ತು. ಮೂರು ಬೇರಿನ, ಬೆಳ್ಳಗೆ ಹೊಳೆಯುವ, ಇನ್ನೂ ಮೂವತ್ತು ವರ್ಷ ರಸ್ಕು ಅಗಿಯಬಹುದಾಗಿದ್ದ ಹಲ್ಲು.

“ಪಕ್ಕದ್ದನ್ನೂ ತೆಗೀಲಾ?”

ಪಂಡಿತ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಲ್ಯಾಟಿನ್ ಮಾತಾಡಬಾರದೆನ್ನಿಸಿತು.

ಆಮೇಲೆ, ಬರೆದು ತೋರಿಸೋಣವೆಂದು ಗಾಳಿಯಲ್ಲಿ ಬೆರಳಾಡಿಸಿದ. ಡಾಕ್ಟರು ಅವನ ಬೆನ್ನು ತಟ್ಟಿದರು. “ಬಿಲ್ಲಾ? ಛೇ ಛೇ, ನಿಮ್ಮ ಹತ್ರ ದುಡ್ಡು ತಗೋತೀನಾ! ಆ ಹತ್ತಿ ಕಚ್ಚಿಹಿಡೀರಿ, ರಾತ್ರಿವರೆಗೂ ಮಾತಾಡ್ಬೇಡಿ.” ಗಡಿಯಾರ ನೋಡಿದವರೇ ಬಿಳಿಯ ಕೋಟು ಬಿಚ್ಚಿ, ಕನ್ನಡಿಯಲ್ಲಿ ಕೂದಲು ತೀಡಿ, ಹಿಂಬಾಗಿಲಿನಿಂದ ಹೊರಟೇಬಿಟ್ಟರು.

ಪಂಡಿತ ಮುಂಬಾಗಿಲಿನಿಂದ ಹಾರಿದ. “ನನ್ನ ಹಲ್ಲೆಲ್ಲಿ? ಡಾಕ್ಟ್ರೆಲ್ಲಿ ಹೋದ್ರು?” ಎಂದು ಅಜ್ಜಿ ಅವನ ಹಿಂದೆ ಹೊರಟರು. ಅಜ್ಜಿಯನ್ನು ತಡೆಯಲು ಸಿಸ್ಟರ್. ಇದೆಲ್ಲ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡೋಣವೆಂದು ಡ್ರೈವರ್.

* * *

ಶಾಲೆಯ ಎದುರಿನ ಪಾರ್ಕಿನಲ್ಲಿ, ನೀರಿನ ಕೊಳದ ಪಕ್ಕದ ಬೆಂಚಿನ ಮೇಲೆ ಅವರಿಬ್ಬರೂ ಕುಳಿತಿದ್ದರು. ಪಂಡಿತ ಗೇಟು ದಾಟುವಾಗ ಡಬ್ಬಿ ಇನ್ನೂ ಡಾಕ್ಟರ ಕೈಯಲ್ಲಿತ್ತು. ಅವನು ಹೂವಿನ ಪಾತಿ ಹಾರಿದ, ಮಕ್ಕಳ ಜಾರುಬಂಡೆಯ ಅಡಿಯಿಂದ ನುಸುಳಿದ, ಹುಲ್ಲಿನ ಮೇಲೆ ನಡೆಯಬಾರದೆಂದು ತಾನೇ ಕೆತ್ತಿದ್ದ ಫಲಕದ ಪಕ್ಕದಲ್ಲೇ ಹುಲ್ಲಿನ ಮೇಲೆ ಓಡಿದ.

“ಅಉ ಅಪ್ಪು!” ಎಂದು ಕೂಗಿದ. ಅದು ತಪ್ಪು ಎಂದು ಅದರ ಅರ್ಥ.

ತಡವಾಗಿತ್ತು. ಟೀಚರು ಉಂಗುರವನ್ನು ಕಣ್ಣಿನ ಹತ್ತಿರ ಹಿಡಿದು, ಕನ್ನಡಕ ಸರಿಮಾಡಿಕೊಂಡು ಒಳಬಾಗನ್ನು ಓದುತ್ತಿದ್ದರು. ಓದಿದರು. ಇನ್ನೊಮ್ಮೆ ಓದಿದರು. ಅವರ ಕಣ್ಣಿನಿಂದ ಎರಡು ಹನಿ ಜಾರಿ ಮಡಿಲಿಗೆ ಬಿದ್ದವು.

ಪಂಡಿತ ಬೆಂಚಿನ ಮುಂದೆ ಮಂಡಿಯೂರಿ ಕುಸಿದ. ಎಲ್ಲವನ್ನೂ ಒಪ್ಪಿಕೊಂಡುಬಿಡಬೇಕೆಂದು ಬಾಯಿಂದ ಹತ್ತಿ ಕಿತ್ತ. “ಈಚಅಮ್ಮಾ, ಅಪ್ಪು ಅನ್ನಉ. ನಆ...”

ಟೀಚರು ಅವನನ್ನು ನೋಡಲೇ ಇಲ್ಲ. ಡಾಕ್ಟರನ್ನೇ ನೋಡುತ್ತಿದ್ದರು. “ವಾರದಿಂದ ನೀವು ಉತ್ತರ ಕೊಡದೆ ಇದ್ದಾಗ ನಾನು ಏನೇನೋ ಅಂದ್ಕೊಂಡೆ. ‘ನಾನು, ನನ್ನ ವಯಸ್ಸಾದ ಅಮ್ಮ, ಇಬ್ಬರೂ ನಿಮ್ಮ ಜೊತೆ ಬಂದ್ರೆ ನಿಮಗೆ ಭಾರ ಆಗಲ್ವಾ?’ ಅಂತ ಕೇಳಿದ್ದಕ್ಕೆ ಯಾವ ಗಂಡಸು ತಾನೇ ಏನು ಹೇಳ್ತಾನೆ? ನೀವು...” ಉಂಗುರವನ್ನು ಎದೆಗೆ ಒತ್ತಿಕೊಂಡರು. “ಮಿನಿಮೆ! ಕಿಂಚಿತ್ತೂ ಇಲ್ಲ!”

ಪಂಡಿತನ ತಲೆಯ ಕೂದಲು ಒಂದೊಂದಾಗಿ ಎದ್ದು ನಿಂತವು. ಭಾರ ಆಗಲ್ವಾ ಎಂಬ ಪ್ರಶ್ನೆಗೆ ಈ ಮಹಾನುಭಾವ ‘ಹೌದು’ ಎಂದು ಕೆತ್ತಿಸಲು ಬಂದಿದ್ದರೇ!

ಡಾಕ್ಟರು ಹಿಗ್ಗಿನಲ್ಲಿ ಒಂದು ಮಾತನ್ನೂ ಕೇಳಿಸಿಕೊಂಡಂತಿರಲಿಲ್ಲ. ಬಗ್ಗಿ ಪಂಡಿತನ ಕಿವಿಯಲ್ಲಿ, “‘ಹೌದು’ ಅಂತ ತಾನೇ ಇರೋದು?” ಎಂದು ಪಿಸುಗುಟ್ಟಿದರು.

ಪಂಡಿತ ಅವರನ್ನು ನೋಡಿದ, ಟೀಚರನ್ನು ನೋಡಿದ, ನಾಲಗೆಯಿಂದ ಹಲ್ಲಿದ್ದ ಜಾಗವನ್ನು ಮುಟ್ಟಿ ನೋಡಿದ. “ಹೌಉ,” ಎಂದ.

“ಏನಂತೆ?” ಎಂದರು ಟೀಚರು, ಕಣ್ಣೊರೆಸಿಕೊಂಡು ನಗುತ್ತಾ.

“ಲ್ಯಾಟಿನ್‌ನಲ್ಲಿ ಹೌದು ಅನ್ನೋದು...” ಎಂದು ಡಾಕ್ಟರು ಶುರುಮಾಡಿದರು. ಪಂಡಿತ ಅವರ ಕಾಲನ್ನು ಜೋರಾಗಿ ಚಿವುಟಿದ.

“ಲ್ಯಾಟಿನ್‌ನಲ್ಲಿ ಹೌದು ಅನ್ನೋಕೆ ಅಂಥ ಒಂದು ಪದವೇ ಇಲ್ಲ,” ಎಂದರು ಟೀಚರು. “‘ಬಂದೆಯಾ?’ ಅಂದ್ರೆ ‘ಬಂದೆ’ ಅಂತಾರೆ. ‘ತಿಂದೆಯಾ?’ ಅಂದ್ರೆ ‘ತಿಂದೆ’. ನಾವು ಮನೇಲಿ ಮಾತಾಡೋ ಹಾಗೇ.”

“ಮದ್ವೆ ಆಗ್ತೀರಾ?” ಎಂದರು ಡಾಕ್ಟರು. ಬಾಯಿ ಬಂದದ್ದು ಅವರಿಗೇ ಆಶ್ಚರ್ಯವಾಯಿತು.

“ಆಗ್ತೀನಿ,” ಎಂದರು ಟೀಚರು.

ಬೆಂಚಿನ ಹಿಂದೆ ಚಪ್ಪಾಳೆ ಕೇಳಿಸಿತು. ಸಿಸ್ಟರ್, ಡ್ರೈವರ್ ಮತ್ತು ಅಜ್ಜಿ. ಸಿಸ್ಟರ್ ಆಗಲೇ ಫೋನ್ ಕಿವಿಗಿಟ್ಟುಕೊಂಡಿದ್ದರು. ಅಜ್ಜಿ ಮಾತ್ರ, “ಇದೆಲ್ಲ ಒಳ್ಳೇದೇ. ನನ್ನ ಹಲ್ಲು ಕೊಟ್ಟು ಆಮೇಲೆ ಮದ್ವೆ ಮಾಡ್ಕೊಳ್ಳಿ,” ಎಂದರು.

ಡಾಕ್ಟರು ಪಂಡಿತನನ್ನು ಎಬ್ಬಿಸಿ ತಬ್ಬಿಕೊಂಡರು. “ಇವರ ಲ್ಯಾಟಿನ್ ಇಲ್ದೇ ಇದ್ದಿದ್ರೆ ಇವತ್ತು ನನ್ನ ಗತಿ ಏನಾಗ್ತಿತ್ತೋ!”

“ಹೌದಾ? ನೀವೇ ಕೆತ್ತಿದ್ದಾ?” ಟೀಚರು ಗೌರವದಿಂದ ನೋಡಿದರು. “ನಿಮ್ಮ ಮಗಳಲ್ವಾ ಇವತ್ತು ಎಲ್ಲರಿಗಿಂತ ಗಟ್ಟಿಯಾಗಿ ಉತ್ತರ ಹೇಳ್ತಿದ್ದಿದ್ದು? ಊಟದ ಡಬ್ಬಿ ತೋರಿಸಿ ‘ನಮ್ಮಪ್ಪ ಅಕ್ಷರ ಕೆತ್ತೋರು, ಲ್ಯಾಟಿನ್ ಓದಿದಾರೆ’ ಅಂದಳು. ತುಂಬಾ ಚುರುಕು. ಅವಳನ್ನ ಬಿಟ್ಟು ಹೋಗೋಕೇ ಬೇಜಾರು.”

“ಬಿಟ್ಟು?” ಎಂದ ಪಂಡಿತ. ಆ ಪದ ಮಾತ್ರ ಅಷ್ಟು ಸ್ಪಷ್ಟವಾಗಿ ಬಂತು.

“ಇವರಿಗೆ ಬಂದರಿನ ಊರಲ್ಲಿ ದೊಡ್ಡ ಆಸ್ಪತ್ರೇಲಿ ಕೆಲಸ ಸಿಕ್ಕಿದೆಯಲ್ಲ. ಅದಕ್ಕೇ ತಾನೇ ಅಮ್ಮನ್ನ ಕರ್ಕೊಂಡು ಬರ್ಲಾ ಅಂತ ಕೇಳಿದ್ದು? ತಿಂಗಳ ಕೊನೆಗೆ ಹೊರಡ್ತೀವಿ. ಶಾಲೆಯಲ್ಲಿ ಲ್ಯಾಟಿನ್‌ಗೆ ಬೇರೆ ಯಾರೂ ಇಲ್ಲ. ಈ ವರ್ಷಕ್ಕೆ ಮುಚ್ತಾರೆ ಅನ್ಸುತ್ತೆ.” ಅವರು ಮತ್ತೆ ಉಂಗುರ ನೋಡಿಕೊಂಡರು. “ನಿಜ ಹೇಳ್ಲಾ? ಈ ಪದ ಬೇರೆ ಏನೇ ಆಗಿದ್ರೂ ನಾನು ಇಲ್ಲೇ ಉಳೀತಿದ್ದೆ.”

* * *

ಪಂಡಿತ ಮನೆ ಸೇರಿದಾಗ ದೀಪ ಹಚ್ಚಿದ್ದರು. ಕೆನ್ನೆ ಬನ್ನಿನ ಹಾಗೆ ಊದಿತ್ತು. ಮರಗಟ್ಟಿದ್ದು ಇಳಿದು ನಿಜವಾದ ನೋವು ಶುರುವಾಗಿತ್ತು. ಬಾಗಿಲಲ್ಲೇ ಪುಟ್ಟಿ ನಿಂತಿದ್ದಳು. ಮುಖ ಸಪ್ಪಗಿತ್ತು. ಸಿಸ್ಟರ್ ಫೋನು ಶಾಲೆಗೂ ಮುಟ್ಟಿತ್ತು, ಶಾಲೆಯಿಂದ ಮನೆಗೂ ಮುಟ್ಟಿತ್ತು.

“ಲ್ಯಾಟಿನ್ ಇಲ್ವಂತಪ್ಪ. ಎಲ್ಲರೂ ಈಜಿಗೇ ಹೋಗ್ಬೇಕಂತೆ.”

ಪಂಡಿತ ಅವಳ ತಲೆ ಸವರಿದ.

ಹೆಂಡತಿ ಒಳಗಿನಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏನ್ರೀ ಮುಖ ಹೀಗಾಗಿದೆ? ಅದಿರ್ಲಿ, ಪಂದ್ಯ ಏನಾಯ್ತು? ಇವತ್ತು ನಿಮ್ಮ ಲ್ಯಾಟಿನ್ ಯಾರಿಗಾದ್ರೂ ಉಪಯೋಗಕ್ಕೆ ಬಂತಾ?”

“ಬಂತು,” ಎಂದ ಪಂಡಿತ, ತಲೆಯೆತ್ತಿ, ಟೀಚರು ಹೇಳಿಕೊಟ್ಟ ಸರಿಯಾದ ಲ್ಯಾಟಿನ್ ಕ್ರಮದಲ್ಲಿ. “ಒಂದು ಮದುವೆಯೇ ಆಗುತ್ತೆ.”

“ಹಾಗಾದ್ರೆ ನೀವೇ ಗೆದ್ರಿ,” ಎಂದಳು ಹೆಂಡತಿ, ಆಶ್ಚರ್ಯದಿಂದ. ಗೆದ್ದದ್ದಕ್ಕೆ ಏನು ಸಿಕ್ಕಿತೆಂದು ಯಾರೂ ಕೇಳಲಿಲ್ಲ.

ಅವಳು ಹತ್ತಿರ ಬಂದು ಕೆನ್ನೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು. ದನಿ ಮೆತ್ತಗಾಯಿತು. “ತುಂಬಾ ನೋವಿದೆಯಾ? ಒಲೆ ಮೇಲೆ ಗಂಜಿ ಇಟ್ಟಿದೀನಿ, ಪುಟ್ಟಿಗೆ ಅಂತ. ನಿಮಗೂ ಹಾಕ್ಲಾ?”

ಮಗಳು ನೋಡುತ್ತಿದ್ದಳು. ಅವಳಿಗೆ ಈ ದಿನದಿಂದ ಒಂದೇ ಒಂದು ಪದವಾದರೂ ಉಳಿಯಲಿ ಎನ್ನಿಸಿತು ಪಂಡಿತನಿಗೆ. ಎದೆಯುಬ್ಬಿಸಿ, ಈ ಸಲ ಅರ್ಥ ಪೂರ್ತಿ ಗೊತ್ತಿದ್ದುಕೊಂಡೇ, ನೋವಿನ ಪ್ರಶ್ನೆಗೆ ಉತ್ತರ ಕೊಟ್ಟ.

“ಮಿನಿಮೆ!”

ಪುಟ್ಟಿಯ ಮುಖ ಅರಳಿತು. “ಅಮ್ಮಾ, ಕಿಂಚಿತ್ತೂ ಬೇಡವಂತೆ!”

“ಓ, ಸರಿ,” ಎಂದಳು ಹೆಂಡತಿ. ಗಂಜಿಯ ಪಾತ್ರೆಯನ್ನು ಪೂರ್ತಿಯಾಗಿ ಮಗಳ ಬಟ್ಟಲಿಗೆ ಬಗ್ಗಿಸಿ, ಗಂಡನ ತಟ್ಟೆಗೆ ಬೆಳಗ್ಗೆ ಮಿಕ್ಕಿದ್ದ ರಸ್ಕುಗಳನ್ನು ಇಟ್ಟಳು.